ದಂಡು ಮರಳಿದ ಬಗೆ

ಪರದೇಶಕ್ಕೆ ಹೋದ ಸೈನ್ಯವು ಯಾವಾಗ ಮರಳಬೇಕೆಂಬುದನ್ನು ರಣರಂಗದ ಸ್ಥಿತಿಯೇ ನಿರ್ಣಯಿಸುವುದೆಂದು ವಾಚಕರು ತಿಳಿದಿರಬಹುದು. ನಮ್ಮ ಸೈನ್ಯವು ಶ್ರೀಲಂಕೆಯಿಂದ ಮರಳಿದ ಬಗೆಯನ್ನು ನೋಡಿದರೆ ಈ ತಿಳಿವಳಿಕೆಯು ನಿಲ್ಲಲಾರದು.

೧೯೮೭ನೆಯ ಜುಲೈ ೨೯ರಂದು ಕೊಲಂಬೋದಲ್ಲಿ ರಾಜೀವ ಗಾಂಧಿಯವರೂ ಅಧ್ಯಕ್ಷ ಜಯವರ್ಧನೆಯವರೂ ಒಪ್ಪಂದಕ್ಕೆ ಸಹಿ ಮಾಡಿದರು. ಶಾಂತಿ ಕಾಯಲೆಂದು ಹೋದ ನಮ್ಮ ದಂಡು ಅಕ್ಟೋಬರದ ಹೊತ್ತಿಗೆ ತಮಿಳು ಹುಲಿಗಳೊಡನೆಯೇ ಕಾದಬೇಕಾಯಿತು. ಸುಮಾರು ೧,೨೦೦ ಯೋಧರು ಮಡಿದರು. ಹುಲಿಗಳು ಮಣಿಯಲಿಲ್ಲ. ಹಾಗಾದರೆ ದಂಡು ಮರಳಿದ್ದೇಕೆ?

೧೯೮೮ರ ಡಿಸೆಂಬರದ ಚುನಾವಣೆಯಲ್ಲಿ ಗೆದ್ದ ಪ್ರೇಮದಾಸರು, ಭಾರತದ ದಂಡನ್ನು ಹೊರಗೆ ಕಳಿಸುವೆವೆಂದು ಅಲ್ಲಿಯ ಜನರಿಗೆ ಮಾತು ಕೊಟ್ಟಿದ್ದರು. ದಕ್ಷಿಣ ಲಂಕೆಯಲ್ಲಿ ಜನತಾ ವಿಮುಕ್ತಿ ಪೆರಮುನದವರು ಪರಸೈನ್ಯದ ಹೆಸರೆತ್ತಿಯೇ ದಂಗೆಗೆ ಬಲ ಕೂಡಿಸುತ್ತಿದ್ದರು. ಆ ನೆಪವನ್ನು ಕಸಿದುಕೊಳ್ಳದ ಹೊರತು ಪ್ರೇಮದಾಸರ ಗಾದಿಯು ಭದ್ರವಾಗುವಂತಿರಲಿಲ್ಲ. ೧೯೮೯ರ ಜೂನದಲ್ಲಿ ಅವರು, ಜುಲೈ ಮುಗಿಯುವುದರೊಳಗೆ ಹೊರಡಿರೆಂದು ಬಹಿರಂಗವಾಗಿ ಸಾರಿದರು. ಅಷ್ಟೇ ಅಲ್ಲ, ನಮ್ಮವರೊಡನೆ ಕಾದುತ್ತಿದ್ದ ಹುಲಿಗಳಿಗೆ ಗುಟ್ಟಾಗಿ ಆಯುಧಗಳನ್ನೂ ಕೊಡಿಸಿದರು!

ಇತ್ತ ದಿಲ್ಲಿಯಲ್ಲಿಯೂ ಚುನಾವಣೆಯು ಹತ್ತಿರವಾಗಿತ್ತು. ಚಿಕ್ಕ ನೆರೆರಾಜ್ಯದ ಗಡುವಿಗೆ ತಲೆಬಾಗಿದರೆಂಬ ಅಪವಾದವು ರಾಜೀವರಿಗೆ ಬೇಡವಾಗಿತ್ತೆಂದೇ ನಾವು ಎಣಿಸುತ್ತೇವೆ. ಅವರು ತಡಮಾಡಿ, ಸೆಪ್ಟೆಂಬರದಲ್ಲಿ, ವರ್ಷಾಂತ್ಯದ ವಾಯಿದೆಗೆ ಒಪ್ಪಿದರು. ನವೆಂಬರದಲ್ಲಿ ಅವರ ಪಕ್ಷವು ೪೦೦ಕ್ಕೂ ಮಿಕ್ಕಿದ ಸ್ಥಾನಗಳಿಂದ ೧೯೭ಕ್ಕಿಳಿಯಿತು. ವಿಶ್ವನಾಥ ಪ್ರತಾಪ ಸಿಂಗರ ಹೊಸ ಸರಕಾರಕ್ಕೆ ಈ ಯುದ್ಧವು ಪರರು ಮಾಡಿಟ್ಟ ಸಾಲ; ೧೯೯೦ನೆಯ ಮಾರ್ಚ್ ೨೪ರಂದು ಕೊನೆಯ ತುಕಡಿಯು ತ್ರಿಂಕೋಮಲೆಯನ್ನು ಬಿಟ್ಟಿತು. ಮದ್ರಾಸಿಗೆ ಮರಳಿದ ದಂಡನ್ನು ಇದಿರುಗೊಳ್ಳಲು ಮುಖ್ಯಮಂತ್ರಿ ಕರುಣಾನಿಧಿಯವರು ಹೋಗಲಿಲ್ಲ. ತಮಿಳುನಾಡಿನ ಮತದಾರರ ಮನಸ್ಸನ್ನು ಬಲ್ಲವರಿಗೆ ಇದರಲ್ಲಿ ಸೋಜಿಗವಿಲ್ಲ. ಆದರೆ ಆಜ್ಞೆಯಂತೆ ಹೋಗಿ ಆಜ್ಞೆಯಂತೆ ಬಂದ ಸಿಪಾಯಿಯ ಅಪರಾಧವೇನು?

ಪ್ರಜಾಮತಕ್ಕೆ ಅಂಜಿ ಸೈನ್ಯವನ್ನು ಕರೆಸಿಕೊಳ್ಳುವುದು ಹೇಡಿತನವೆಂಬ ಮಾತನ್ನು ನಾವು ಒಪ್ಪಲಾರೆವು. ಮಕ್ಕಳನ್ನು ದಂಡಿಗೆ ಕೊಟ್ಟವರಿಗೆ ಅವರನ್ನು ಮರಳಿ ಕೇಳುವ ಹಕ್ಕೂ ಉಂಟು. ನಮ್ಮ ಆಕ್ಷೇಪವು ಬೇರೆ. ಇಂಥ ಒಪ್ಪಂದಕ್ಕೆ ಪಾರ್ಲಿಮೆಂಟಿನ ಪೂರ್ವಸಮ್ಮತಿ ಬೇಕೆಂಬ ನಿಯಮವು ನಮ್ಮ ರಾಜ್ಯಘಟನೆಯಲ್ಲಿಲ್ಲ, ಇರಬೇಕಿತ್ತು. ಏತಕ್ಕಾಗಿ ಹೋಗುವೆವು, ಏನಾದರೆ ಮರಳುವೆವು ಎಂಬುದನ್ನು ಮೊದಲೇ ಸಭೆಯ ಮುಂದಿಟ್ಟಿದ್ದರೆ, ಕಡೆಯ ಲೆಕ್ಕವನ್ನು ಚುನಾವಣೆಯ ಅವಸರದಲ್ಲಿ ಹಾಕುವ ಪ್ರಸಂಗವು ಬರುತ್ತಿರಲಿಲ್ಲ. ಆ ಅವಸರದ ದಂಡವನ್ನು ತೆತ್ತವರು ನಮ್ಮನ್ನು ನಂಬಿದವರು. ೧೯೮೮ರ ನವೆಂಬರದಲ್ಲಿ ನಮ್ಮ ದಂಡಿನ ಕಾವಲಿನಲ್ಲಿ ಚುನಾವಣೆ ನಡೆದು ಉತ್ತರ-ಪೂರ್ವ ಪ್ರಾಂತಕ್ಕೆ ಮುಖ್ಯಮಂತ್ರಿಯಾದ ವರದರಾಜ ಪೆರುಮಾಳರು, ದಂಡು ತೆರಳುತ್ತಿದ್ದಂತೆಯೇ ಊರು ತೊರೆದು ಭಾರತಕ್ಕೆ ಓಡಿಬರಬೇಕಾಯಿತು. ಅದೇ ವರ್ಷದ ಜೂನದಲ್ಲಿ ಪ್ರೇಮದಾಸರ ಸರಕಾರಕ್ಕೂ ಹುಲಿಗಳಿಗೂ ಯುದ್ಧವು ಮತ್ತೆ ಹೊತ್ತಿಕೊಂಡಿತು.