ಶಾಲೆಯ ಹಾಡು ಯಾರದು?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಯಾವ ಶಾಲೆಗೆ ಹೋದರೂ ಬೆಳಗಿನ ಗಂಟೆ ಬಾರಿಸಿದ ಮೇಲಿನ ಕ್ರಮ ಹೆಚ್ಚುಕಡಿಮೆ ಒಂದೇ. ಮಕ್ಕಳು ಎತ್ತರಕ್ಕೆ ತಕ್ಕಂತೆ ಸಾಲಾಗಿ ನಿಲ್ಲುತ್ತಾರೆ. ದೊಡ್ಡ ತರಗತಿಯ ನಾಲ್ಕು ಮಕ್ಕಳು ಮುಂದೆ ಬಂದು ಹಾಡಿಗೆ ಶುರು ಹಚ್ಚುತ್ತಾರೆ. ನಾಡಗೀತೆಯ ಬಗ್ಗೆ ತಕರಾರಿಲ್ಲ. ಕುವೆಂಪು ಅವರ ಆ ಗೀತೆ 2004ರಲ್ಲಿ ಅಧಿಕೃತ ನಾಡಗೀತೆಯಾಯಿತು. ಹಿಂದೂ, ಕ್ರೈಸ್ತ, ಮುಸಲ್ಮಾನ, ಪಾರಸಿ, ಜೈನ ಎಲ್ಲರೂ ಅದರೊಳಗಿದ್ದಾರೆ. ಎಷ್ಟು ಹೊತ್ತು ಹಾಡಬೇಕೆಂಬ ಗೊಂದಲಕ್ಕೂ 2022ರಲ್ಲಿ ಸರಕಾರ ಉತ್ತರ ಕೊಟ್ಟಿತು: ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷ. ರಾಷ್ಟ್ರಗೀತೆಗೆ 52 ಸೆಕೆಂಡು. 2023ರಿಂದ ಸಂವಿಧಾನದ ಪೀಠಿಕೆಯ ಓದೂ ಸೇರಿಕೊಂಡಿದೆ. ಪ್ರಶ್ನೆ ಏಳುವುದು ಇವುಗಳ ನಡುವೆ ಬರುವ ಪ್ರಾರ್ಥನೆಯ ಬಗ್ಗೆ. ಶಾಲೆಯಲ್ಲಿ ದೇವರ ನಾಮ ಹೇಳಿಸಬೇಕೇ? ಹೇಳಿಸುವುದಾದರೆ ಯಾವ ದೇವರದ್ದು?

ಹೇಳಿಸಬೇಕು ಎನ್ನುವವರ ಮಾತಿನಲ್ಲಿ ಹುರುಳಿದೆ. ದಾಸರ ಪದ, ಶರಣರ ವಚನ, ಸ್ತೋತ್ರಗಳು ಬರೀ ಭಕ್ತಿಯ ಸರಕಲ್ಲ. ಅವು ಕನ್ನಡದ ಬೇರು. ಪುರಂದರದಾಸರನ್ನು ಬಿಟ್ಟರೆ ಕರ್ನಾಟಕ ಸಂಗೀತದ ಮೊದಲ ಪಾಠವೇ ಇಲ್ಲ. ಇಂದು ಮನೆಯಲ್ಲಿ ಸಂಜೆ ದೀಪ ಹಚ್ಚಿ ಹಾಡು ಹೇಳಿಸುವ ಅಜ್ಜಿ ಇಲ್ಲ. ಇದ್ದರೂ ಅವರ ಮುಂದೆ ಟಿ.ವಿ. ಇದೆ, ಮಗುವಿನ ಕೈಯಲ್ಲಿ ಮೊಬೈಲ್ ಇದೆ. ಶಾಲೆಯೂ ಕಲಿಸದಿದ್ದರೆ ಇನ್ಯಾರು ಕಲಿಸಬೇಕು?

ಬೇಡ ಎನ್ನುವವರ ಮಾತೂ ಹಗುರವಲ್ಲ. ಶಾಲೆ ದೇವಸ್ಥಾನವಲ್ಲ, ಇಗರ್ಜಿಯಲ್ಲ, ಪಳ್ಳಿಯೂ ಅಲ್ಲ. ಒಂದೇ ಬೆಂಚಿನಲ್ಲಿ ಬಿಲ್ಲವರ ಮಗು, ಬ್ಯಾರಿ ಮಗು, ಕೊಂಕಣಿ ಕ್ರೈಸ್ತರ ಮಗು, ಜೈನರ ಮಗು ಕುಳಿತಿರುವಾಗ ಒಬ್ಬರ ದೇವರನ್ನು ಉಳಿದವರ ಬಾಯಲ್ಲಿ ಕರೆಸುವುದು ನ್ಯಾಯವೇ? ಭಜನೆ ಕಲಿಸಲು ಬೇರೆ ಜಾಗಗಳಿವೆಯಲ್ಲ?

ಕಾನೂನು ಏನು ಹೇಳುತ್ತದೆಂದು ಮೊದಲು ನೋಡಬೇಕು. ಸಂವಿಧಾನದ 28ನೆಯ ವಿಧಿಯ ಪ್ರಕಾರ ಪೂರ್ತಿ ಸರಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಸಲ್ಲದು. ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಗಳಲ್ಲಿ ವಿದ್ಯಾರ್ಥಿಯ ಒಪ್ಪಿಗೆ, ಆತ ಅಪ್ರಾಪ್ತನಾದರೆ ಪೋಷಕರ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗಾಗಲಿ ಪೂಜೆಗಾಗಲಿ ಸೇರಿಸುವಂತಿಲ್ಲ. ಹಾಗೆಂದು ಧರ್ಮದ ಸುದ್ದಿಯನ್ನೇ ಎತ್ತಬಾರದೆಂದು ಅರ್ಥವಲ್ಲ. ಧರ್ಮಗಳ ಬಗ್ಗೆ ತಿಳಿವಳಿಕೆ ಕೊಡುವುದು ಬೇರೆ, ಧರ್ಮವನ್ನು ಬೋಧಿಸುವುದು ಬೇರೆ ಎಂದು ಸುಪ್ರೀಂ ಕೋರ್ಟು 2002ರಲ್ಲಿ ಅರುಣಾ ರಾಯ್ ಮೊಕದ್ದಮೆಯಲ್ಲಿ ಹೇಳಿದೆ. ಕೇಂದ್ರೀಯ ವಿದ್ಯಾಲಯಗಳ ಬೆಳಗಿನ ಪ್ರಾರ್ಥನೆಯನ್ನು ಪ್ರಶ್ನಿಸಿದ ಅರ್ಜಿಯೂ ಅದೇ ನ್ಯಾಯಾಲಯದ ಮುಂದೆ ಬಂತು. ವಿಷಯದ ತೂಕ ಕಂಡ ಇಬ್ಬರು ನ್ಯಾಯಮೂರ್ತಿಗಳ ಪೀಠ, 2019ರ ಜನವರಿಯಲ್ಲಿ ಅದನ್ನು ಸಂವಿಧಾನ ಪೀಠದ ಮುಂದಿಡಬೇಕೆಂದಿತು.

ಇದಕ್ಕೂ ಹಳೆಯದೊಂದು ತೀರ್ಪು ಶಿಕ್ಷಕರೆಲ್ಲ ತಿಳಿದಿರಬೇಕಾದದ್ದು. 1985ರಲ್ಲಿ ಕೇರಳದ ಶಾಲೆಯೊಂದು ಮೂವರು ಒಡಹುಟ್ಟಿದ ಮಕ್ಕಳನ್ನು ಹೊರಗೆ ಹಾಕಿತು. ರಾಷ್ಟ್ರಗೀತೆಯ ಹೊತ್ತಿಗೆ ಅವರು ಎಲ್ಲರೊಂದಿಗೆ ಎದ್ದು ಗೌರವದಿಂದ ನಿಲ್ಲುತ್ತಿದ್ದರು. ಆದರೆ ತಮ್ಮ ಪಂಥದ ನಂಬಿಕೆಯಂತೆ ಹಾಡುತ್ತಿರಲಿಲ್ಲ. ಬಿಜೋ ಇಮ್ಯಾನುಯೆಲ್ ಮೊಕದ್ದಮೆ ಎಂದು ಹೆಸರಾದ ಈ ಪ್ರಕರಣದಲ್ಲಿ 1986ರ ಆಗಸ್ಟ್‌ನಲ್ಲಿ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರಿದ್ದ ಪೀಠ ಮಕ್ಕಳ ಪರ ತೀರ್ಪು ಕೊಟ್ಟಿತು. ಗೌರವದಿಂದ ಸುಮ್ಮನೆ ನಿಂತವನು ಅಗೌರವ ತೋರಿದಂತಲ್ಲ ಎಂಬುದು ಅದರ ಸಾರ.

ಆದರೆ ಕೋರ್ಟು ಕೊಟ್ಟ ಹಕ್ಕನ್ನು ಎಂಟು ವರ್ಷದ ಮಗು ಚಲಾಯಿಸುವುದು ಹೇಗೆ? ಇನ್ನೂರು ಮಕ್ಕಳು ಬಾಯಿ ತೆರೆದು ಹಾಡುವಾಗ ತಾನೊಬ್ಬ ತುಟಿ ಮುಚ್ಚಿ ನಿಲ್ಲುವುದಕ್ಕೆ ದೊಡ್ಡವರಿಗೂ ಧೈರ್ಯ ಸಾಲದು. ಅಕ್ಕಪಕ್ಕದ ಮಕ್ಕಳ ಕಣ್ಣು ತನ್ನ ಮೇಲಿದೆ ಎಂಬುದು ಮಗುವಿಗೆ ಗೊತ್ತಾಗುತ್ತದೆ. ಆಮೇಲೆ ಎರಡೇ ದಾರಿ: ಒಂದೋ ಮನೆಯವರಿಗೆ ತಿಳಿಯದಂತೆ ಹಾಡುವುದು, ಇಲ್ಲವೇ ಶಾಲೆಯಲ್ಲಿ ಹೊರಗಿನವನಾಗಿ ಉಳಿಯುವುದು. ಎರಡೂ ಮಗುವಿಗೆ ಒಳ್ಳೆಯದಲ್ಲ. ಆದ್ದರಿಂದ ಬೇಡವಾದವರು ಸುಮ್ಮನಿರಲಿ ಎಂದು ಹೇಳಿ ಕೈತೊಳೆದುಕೊಳ್ಳುವುದು ಶಾಲೆಗೆ ಶೋಭೆಯಲ್ಲ. ಬೆಳಗಿನ ಸಾಲಿನಲ್ಲಿ ಯಾರೂ ತುಟಿ ಮುಚ್ಚಬೇಕಾಗದ ಹಾಡನ್ನು ಆರಿಸುವುದು ಹಿರಿಯರ ಕೆಲಸ.

ಅಂಥ ಹಾಡುಗಳಿಗೆ ಬರವಿದೆಯೇ? ಇಲ್ಲ. ನಾರಾಯಣ ಗುರುಗಳು 1914ರ ಸುಮಾರಿಗೆ ರಚಿಸಿದ ದೈವದಶಕದಲ್ಲಿ ಯಾವೊಂದು ದೇವರ ಹೆಸರೂ ಇಲ್ಲ. ಇನ್ನು ಮಕ್ಕಳ ಹಾಡಿನ ವಿಷಯಕ್ಕೆ ಬಂದರೆ, ಬಂಟ್ವಾಳದವರು ದೂರ ಹುಡುಕಿ ಹೋಗಬೇಕಾಗಿಯೇ ಇಲ್ಲ. ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದೇ ಬಂಟ್ವಾಳದಲ್ಲಿ. ಮನೆಮಾತು ಕೊಂಕಣಿ, ಊರಿನ ಮಾತು ತುಳು, ಬರೆದದ್ದು ಕನ್ನಡದಲ್ಲಿ. ಮಾಸ್ಟ್ರಾಗಿ, ಶಾಲಾ ಇನ್‌ಸ್ಪೆಕ್ಟರಾಗಿ ಊರೂರು ತಿರುಗಿದವರು. ಮಕ್ಕಳಿಗೆ ಓದಲು, ಹಾಡಲು ಕನ್ನಡದಲ್ಲಿ ಏನೂ ಇಲ್ಲವೆಂಬ ಕೊರಗಿಗೆ 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದವರು. ಹಾವಿನ ಮೇಲೆ, ತೆಂಕಣ ಗಾಳಿಯ ಮೇಲೆ, ಕೊಡಗಿನ ಹುತ್ತರಿಯ ಮೇಲೆ ಅವರು ಬರೆದ ಪದ್ಯಗಳನ್ನು ತಲೆಮಾರುಗಳ ಮಕ್ಕಳು ಒಟ್ಟಾಗಿ ಹಾಡಿದ್ದಾರೆ. ಯಾವ ಮನೆಯವರೂ ತಕರಾರು ತೆಗೆದದ್ದಿಲ್ಲ. ಆದರೆ ಅವರ ಹುಟ್ಟೂರಿನ ಸುತ್ತಲಿನ ಇಂದಿನ ಶಾಲೆಗಳಲ್ಲಿ ಎಷ್ಟು ಮಕ್ಕಳಿಗೆ ಅವರ ಮೂರು ಹಾಡು ಬಾಯಿಗೆ ಬರುತ್ತದೆ? ಪ್ರತಿಯೊಬ್ಬ ಹೆಡ್‌ಮಾಸ್ಟ್ರೂ ಒಮ್ಮೆ ತಮ್ಮ ಶಾಲೆಯಲ್ಲಿ ಕೇಳಿ ನೋಡಬಹುದು.

ಹಾಗಾದರೆ ದಾಸರ ಪದವನ್ನೂ ಸ್ತೋತ್ರವನ್ನೂ ಶಾಲೆಯ ಗೇಟಿನ ಹೊರಗೇ ಬಿಡಬೇಕೇ? ಅದೂ ಸರಿಯಲ್ಲ. ಬೆಳಗಿನ ಪ್ರಾರ್ಥನೆ ಎಂದರೆ ದೇವರೆದುರು ಎಲ್ಲರೂ ಕೈಮುಗಿದು ನಿಲ್ಲುವುದು. ಹಾಡಿನ ತರಗತಿ ಎಂದರೆ ಒಂದು ಹಾಡನ್ನು ಎದುರಿಟ್ಟುಕೊಂಡು ಇದನ್ನು ಬರೆದವರು ಯಾರು, ಯಾವ ಕಾಲದವರು, ಯಾವ ನೋವಿನಲ್ಲಿ ಯಾವ ಸಂತೋಷದಲ್ಲಿ ಬರೆದರು, ಛಂದಸ್ಸು ಯಾವುದು, ತಾಳ ಯಾವುದು ಎಂದು ಕಲಿಯುವುದು. ಮೊದಲನೆಯದು ಆರಾಧನೆ, ಎರಡನೆಯದು ಪಾಠ.

ಈ ಪಾಠಕ್ಕೆ ಬೇಕಾದ ಸಾಮಗ್ರಿ ಈ ಮೂರು ಊರುಗಳ ಸುತ್ತಲೇ ಬಿದ್ದಿದೆ. ಸಾವಿರ ಕಂಬದ ಬಸದಿಯ ಮೂಡುಬಿದಿರೆ ರತ್ನಾಕರವರ್ಣಿಯ ಊರು. ಹದಿನಾರನೆಯ ಶತಮಾನದ ಆತನ ಭರತೇಶ ವೈಭವ ಇರುವುದು ಸಾಂಗತ್ಯದಲ್ಲಿ, ಅಂದರೆ ಹಾಡುವುದಕ್ಕೆಂದೇ ಇರುವ ಛಂದಸ್ಸಿನಲ್ಲಿ. ಆತನ ಬಿಡಿ ಹಾಡುಗಳಿಗೆ ಅಣ್ಣಗಳ ಪದ ಎಂದೇ ಹೆಸರು. ಬಂಟ್ವಾಳ ತಾಲೂಕಿನ ಫರಂಗಿಪೇಟೆಯ ಮೊಂತೆ ಮರಿಯಾನೊದ ಜತೆ ಹೆಸರು ಬೆಸೆದುಕೊಂಡ, ಹದಿನೆಂಟನೆಯ ಶತಮಾನದ ಗೋವೆಯ ಪಾದ್ರಿ ಜೊವಾಕಿಂ ಮಿರಾಂಡ ಅವರ ಕೊಂಕಣಿ ಕೀರ್ತನೆ ಇಂದಿಗೂ ಉಪವಾಸ ಕಾಲದಲ್ಲಿ ಇಗರ್ಜಿಗಳಲ್ಲಿ ಕೇಳುತ್ತದೆ. ನಿಘಂಟಿನಿಂದ ಹೆಸರಾದ ಕಿಟ್ಟೆಲ್ 1862ರ ಕಥಾಮಾಲೆಯಲ್ಲಿ ಕ್ರಿಸ್ತನ ಕಥೆಯನ್ನು ಹೇಳಲು ಆರಿಸಿಕೊಂಡದ್ದು ಕನ್ನಡದ ಷಟ್ಪದಿಯನ್ನು. ಬ್ಯಾರಿಗಳ ಮದುವೆ ಮನೆಯಲ್ಲಿ ಹೆಂಗಸರ ಹಾಡಿದೆ, ದಫ್ ಇದೆ. ನೇಜಿ ನೆಡುವಾಗ ಒಬ್ಬಳು ಎತ್ತಿಕೊಟ್ಟು ಉಳಿದವರು ಸೊಲ್ಲು ಕೂಡಿಸುತ್ತಿದ್ದ ತುಳು ಪಾಡ್ದನ, ಓಬೇಲೆ, ಕಬಿತಗಳಿವೆ. ಗದ್ದೆಗಳೆಲ್ಲ ಅಡಿಕೆ ತೋಟ, ರಬ್ಬರು ತೋಟಗಳಾದ ಮೇಲೆ ಈ ಹಾಡುಗಳಿಗೆ ನಿಲ್ಲಲು ನೆಲವೇ ಇಲ್ಲದಾಗಿದೆ. ಬಲ್ಲ ಹೆಂಗಸರು ಇನ್ನೂ ಇದ್ದಾರೆ; ಅವರನ್ನು ಶಾಲೆಗೆ ಕರೆಯುವುದಕ್ಕೆ ಸರಕಾರದ ಆದೇಶವೇನೂ ಬೇಕಿಲ್ಲ.

ಭಜನೆ ಕಲಿಯಲು ಭಜನಾ ಮಂದಿರ ಸಾಲದೇ ಎಂದು ಕೇಳಬಹುದು. ಸಾಲುತ್ತದೆ, ಒಂದು ಮಟ್ಟಿಗೆ. ಕುಣಿತ ಭಜನೆಯ ಮಕ್ಕಳ ತಂಡಗಳು ಊರೂರಲ್ಲಿ ಹುಟ್ಟಿವೆ. ಧರ್ಮಸ್ಥಳದಲ್ಲಿ ಎರಡು ದಶಕಗಳಿಗೂ ಮೀರಿ ಭಜನಾ ತರಬೇತಿ ಕಮ್ಮಟಗಳು ನಡೆದಿವೆ. ಇಗರ್ಜಿಗಳಲ್ಲಿ ಗಾಯನ ಮಂಡಳಿಗಳಿವೆ, ಮದ್ರಸಗಳಲ್ಲಿ ಮಕ್ಕಳು ಒಂದೇ ಸ್ವರದಲ್ಲಿ ಪಠಿಸುತ್ತಾರೆ. ಆದರೆ ಅಲ್ಲೆಲ್ಲ ಮಗು ಹಾಡುವುದು ತನ್ನವರ ಜತೆ ಮಾತ್ರ. ತನ್ನವನಲ್ಲದವನ ಪಕ್ಕದಲ್ಲಿ ಕುಳಿತು, ಅವನ ಸ್ವರಕ್ಕೆ ತನ್ನ ಸ್ವರ ಕೂಡಿಸಿ ಹಾಡಲು ಸಿಗುವ ಜಾಗ ಶಾಲೆಯೊಂದೇ. 2017ರಲ್ಲೂ 2025ರಲ್ಲೂ ನಿಷೇಧಾಜ್ಞೆ ಕಂಡ ಬಂಟ್ವಾಳದಂಥ ತಾಲೂಕಿನಲ್ಲಿ ಇದನ್ನು ಸಣ್ಣ ಮಾತೆಂದು ತಳ್ಳುವಂತಿಲ್ಲ. ಹಾಡು ಗಲಭೆಯನ್ನು ನಿಲ್ಲಿಸುತ್ತದೆಂದು ಹೇಳಿದರೆ ಅದು ಅತಿಶಯೋಕ್ತಿ. ಪಕ್ಕದ ಮನೆಯವರ ಹಾಡು ಏನು ಹೇಳುತ್ತದೆಂದು ತಿಳಿದ ಮಗು, ಅದು ಮೈಕಿನಲ್ಲಿ ಕೇಳಿಸಿದಾಗ ಬೆಚ್ಚುವುದಿಲ್ಲ ಎಂದಷ್ಟೇ ಹೇಳಬಹುದು.

ಒಟ್ಟಾಗಿ ಹಾಡುವುದರಿಂದ ದೇಹದಲ್ಲೂ ಏನೋ ನಡೆಯುತ್ತದೆ. ಒಂದೇ ಹಾಡು ಹಾಡುವವರು ಒಂದೇ ಕಡೆ ಉಸಿರು ತೆಗೆದುಕೊಳ್ಳಬೇಕಾಗುತ್ತದೆ. ಉಸಿರು ಒಳಗೆ ಹೋದಾಗ ಎದೆಬಡಿತ ಸ್ವಲ್ಪ ಚುರುಕಾಗುತ್ತದೆ, ಹೊರಗೆ ಬಿಡುವಾಗ ನಿಧಾನವಾಗುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಸಂಶೋಧಕರು ಎಳೆಯರ ಗಾಯನ ತಂಡವೊಂದನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದಂತೆ, ಜತೆಯಾಗಿ ಹಾಡುವವರ ಎದೆಬಡಿತದ ಏರಿಳಿತವೂ ಜತೆಯಾಗುತ್ತದೆ. ಇದರಲ್ಲಿ ಪವಾಡವೇನಿಲ್ಲ, ಉಸಿರಾಟದ ಲೆಕ್ಕ ಅಷ್ಟೆ. ಭತ್ತ ಕುಟ್ಟುವವರಿಗೆ, ದೋಣಿ ಹುಟ್ಟು ಹಾಕುವವರಿಗೆ ಇದು ಯಾವ ಪ್ರಯೋಗಾಲಯವೂ ಇಲ್ಲದೆ ಗೊತ್ತಿತ್ತು.

ಶಾಲೆಯ ಅಂಗಳದಲ್ಲಿ ಹಾಡು ಎಳೆದಾಡುವುದಕ್ಕೂ ವಿಜ್ಞಾನದ ಕಾರಣವುಂಟು. ಕರಾವಳಿಯ ಸೆಕೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಮುಂದೆ ಹಾಡುವವರಿಂದ ಹಿಂದಿನ ಸಾಲು 35 ಮೀಟರ್ ದೂರವಿದ್ದರೆ ಸ್ವರ ಅಲ್ಲಿಗೆ ತಲುಪಲು ಸೆಕೆಂಡಿನ ಹತ್ತನೆಯ ಒಂದು ಪಾಲು ಬೇಕು. ಹಿಂದಿನವರು ಅಷ್ಟು ತಡವಾಗಿ ಹಾಡುತ್ತಾರೆ, ಅದು ಮುಂದಿನವರ ಕಿವಿಗೆ ಮರಳುವಾಗ ತಡ ಇಮ್ಮಡಿಯಾಗುತ್ತದೆ. ಮಕ್ಕಳು ಉದಾಸೀನ ಮಾಡುತ್ತಾರೆಂದು ಗದರಿಸುವ ಪಿ.ಟಿ. ಮಾಸ್ಟ್ರು ಬೆತ್ತ ಬಿಟ್ಟು ಮಕ್ಕಳನ್ನು ಅರ್ಧಚಂದ್ರಾಕಾರದಲ್ಲಿ ಒತ್ತಾಗಿ ನಿಲ್ಲಿಸಿದರೆ ಅರ್ಧ ರೋಗ ವಾಸಿ. ಇನ್ನರ್ಧ ರೋಗ ಶ್ರುತಿಯದು. ಗಂಡಸಿನ ದಪ್ಪ ಸ್ವರದಲ್ಲಿ ಶುರು ಹಚ್ಚಿದರೆ ಮಕ್ಕಳು ಗೊಣಗುತ್ತಾರೆ. ತೀರಾ ಏರಿಸಿದರೆ ಕಿರಿಚುತ್ತಾರೆ. ಮಕ್ಕಳಿಗೆ ಹೊಂದುವ ಶ್ರುತಿ ಹುಡುಕಲು ಒಂದು ಶ್ರುತಿಪೆಟ್ಟಿಗೆ, ಹತ್ತು ನಿಮಿಷದ ತಾಳ್ಮೆ ಸಾಕು.

ಇಲಾಖೆಗೆ ಹಾಡು ಹೊಸತೇನಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲೂಕಿನಲ್ಲಿ ಶುರುವಾದ ನಲಿ-ಕಲಿಯಲ್ಲಿ ಹಾಡಿಗೆ ಜಾಗ ಸಿಕ್ಕಿತು. ಕಲೆಯ ಶಿಕ್ಷಣ ಹತ್ತನೆಯ ತರಗತಿಯವರೆಗೂ ಕಡ್ಡಾಯವಾಗಿರಲಿ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಪ್ರತಿಭಾ ಕಾರಂಜಿಯ ಪಟ್ಟಿಯಲ್ಲಿ ಭಕ್ತಿಗೀತೆ, ಜಾನಪದ ಗೀತೆಗಳ ಜತೆ ಸಂಸ್ಕೃತ, ಅರೇಬಿಕ್ ಪಠಣವೂ ಕವ್ವಾಲಿಯೂ ಬಂದವು. ಪಟ್ಟಿ ಉದಾರವಾದದ್ದೇ. ಆದರೆ ಅದು ಸ್ಪರ್ಧೆ. ಸ್ವರ ಚೆನ್ನಾಗಿರುವ ನಾಲ್ಕಾರು ಮಕ್ಕಳು ಕ್ಲಸ್ಟರಿಗೆ, ತಾಲೂಕಿಗೆ ಹೋಗಿ ಬಹುಮಾನ ತರುತ್ತಾರೆ. ಉಳಿದವರ ಕೆಲಸ ಚಪ್ಪಾಳೆ. ತನಗೆ ಹಾಡು ಬರುವುದಿಲ್ಲ ಎಂದು ಮಗು ಹತ್ತನೆಯ ವಯಸ್ಸಿಗೇ ತೀರ್ಮಾನಿಸಿ ಬಾಯಿ ಮುಚ್ಚುವುದು ಇಲ್ಲಿಯೇ. ಸಮೂಹ ಗಾಯನಕ್ಕೆ ಬಹುಮಾನವೂ ಬೇಡ, ಒಳ್ಳೆಯ ಕಂಠವೂ ಬೇಡ.

ದಾರಿ ಸ್ಪಷ್ಟವಿದೆ. ಬೆಳಗಿನ ಸಾಲಿನಲ್ಲಿ ಎಲ್ಲರ ಹಾಡು. ವಾರಕ್ಕೊಂದು ಪೀರಿಯಡ್ ಹಾಡಿನ ಪಾಠ. ಅದರಲ್ಲಿ ವರ್ಷಕ್ಕೆ ಹತ್ತು ಹನ್ನೆರಡು ಹಾಡು. ದಾಸರದ್ದು ಒಂದು, ಶರಣರದ್ದು ಒಂದು, ಅಣ್ಣಗಳ ಪದ ಒಂದು, ಪಾಡ್ದನ ಒಂದು, ಕೊಂಕಣಿ ಒಂದು, ಬ್ಯಾರಿ ಒಂದು, ಪಂಜೆಯವರದ್ದು ಮೂರು. ಪ್ರತಿ ಹಾಡಿಗೂ ಅರ್ಥ ಹೇಳಿಯೇ ಕಲಿಸುವುದು. ಪಟ್ಟಿಯನ್ನು ಜೂನ್ ತಿಂಗಳಲ್ಲೇ ಎಸ್‌ಡಿಎಂಸಿ ಸಭೆಯಲ್ಲಿ ತಂದೆತಾಯಿಗಳ ಮುಂದಿಡುವುದು. ಕೇಳುತ್ತೇನೆ, ಹಾಡುವುದಿಲ್ಲ ಎನ್ನುವ ಮಗುವಿಗೆ ತಾಳ ಹಾಕುವ ಕೆಲಸವನ್ನೋ ಬೋರ್ಡಿನಲ್ಲಿ ಬರೆಯುವ ಕೆಲಸವನ್ನೋ ಕೊಟ್ಟು ಗುಂಪಿನೊಳಗೇ ಇಟ್ಟುಕೊಳ್ಳುವುದು.

ಭಕ್ತಿಯಿಲ್ಲದೆ ಕಲಿತ ಕೀರ್ತನೆ ಒಣ ಹುಲ್ಲು ಎಂದು ಹಿರಿಯರು ಕೆಲವರು ಹೇಳುತ್ತಾರೆ. ಇರಬಹುದು. ಆದರೆ ಭಕ್ತಿ ಹುಟ್ಟಿಸುವುದು ಮನೆಯ ಕೆಲಸ, ಅದು ಪಾಠದ ವೇಳಾಪಟ್ಟಿಗೆ ಬಗ್ಗುವಂಥದ್ದಲ್ಲ. ಹಾಡನ್ನು ತಪ್ಪಿಲ್ಲದೆ, ಅರ್ಥ ಕೆಡದೆ, ಮರ್ಯಾದೆಯಿಂದ ಕಲಿಸುವುದು ಶಾಲೆಯ ಕೆಲಸ. ಅದನ್ನು ಮಾಡಿದರೆ ಮುಂದೆ ಭಕ್ತಿ ಬಂದವನಿಗೆ ಹಾಡು ಕೈಯಲ್ಲಿರುತ್ತದೆ. ಬಾರದವನಿಗೂ ಕನ್ನಡ, ತುಳು, ಕೊಂಕಣಿ, ಬ್ಯಾರಿಯ ಹತ್ತು ಒಳ್ಳೆಯ ಪದಗಳು ಬಾಯಲ್ಲಿ ಉಳಿಯುತ್ತವೆ. ಮಳೆಗಾಲದಲ್ಲಿ ಮಾಡಿನ ಮೇಲೆ ಮಳೆ ಸುರಿದು ಮಾಸ್ಟ್ರ ಪಾಠ ಕೇಳಿಸದ ದಿನಗಳು ಇಲ್ಲಿ ಬೇಕಾದಷ್ಟಿವೆ. ಅಂಥ ದಿನವೇ ಈ ಪೀರಿಯಡ್ಡಿಗೆ ಶುರು ಹಚ್ಚಬಹುದು. ಐವತ್ತು ಮಕ್ಕಳು ಒಂದೇ ಶ್ರುತಿಯಲ್ಲಿ ಹಾಡಿದರೆ ಮಳೆಯ ಸದ್ದಿಗೂ ಮೇಲಾಗಿ ಕೇಳಿಸುತ್ತದೆ.