ಕ್ಷಮೆ ಎಂಬ ಕಠಿಣ ವ್ರತ



ಮಗ-ಸೊಸೆಯರ ಮನೆಯಲ್ಲಿ ಆರು ತಿಂಗಳಿದ್ದು ಅಮೆರಿಕದಿಂದ ಮರಳಿದ ಹಿರಿಯರೊಬ್ಬರು ಈಚೆಗೆ ನಮ್ಮಲ್ಲಿಗೆ ಬಂದಿದ್ದರು. “ಶಾಸ್ತ್ರಿಗಳೆ, ಆ ದೇಶದಲ್ಲಿ ಚರ್ಚುಗಳಿಗೂ ಲೆಕ್ಕವಿಲ್ಲ, ಬಂದೂಕುಗಳಿಗೂ ಲೆಕ್ಕವಿಲ್ಲ. ಅವರ ಧರ್ಮ ಅವರಿಗೆ ಏನನ್ನು ಕಲಿಸಿದೆ?” ಎಂದು ಕೇಳಿದರು. ಪ್ರಶ್ನೆ ಕಟುವಾದರೂ ಯುಕ್ತವಾದುದೇ. ಅಂದು ಅವರಿಗೆ ಹೇಳಿದ ಸಂಗತಿಯನ್ನೇ ಇಲ್ಲಿ ತುಸು ವಿಸ್ತರಿಸಿ ನಿವೇದಿಸುತ್ತಿದ್ದೇವೆ.

ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಪ್ರಾಂತದಲ್ಲಿ ಆಮಿಶ್ ಎಂಬ ಕ್ರೈಸ್ತ ಪಂಗಡದವರು ಬಹುಸಂಖ್ಯೆಯಲ್ಲಿ ನೆಲೆಸಿದ್ದಾರೆ. 1693ರಲ್ಲಿ ಯಾಕೋಬ್ ಅಮ್ಮನ್ ಎಂಬ ಗುರುವಿನ ಮುಂದಾಳ್ತನದಲ್ಲಿ ಯೂರೋಪಿನಲ್ಲಿ ಬೇರ್ಪಟ್ಟ ಈ ಜನರು ಹದಿನೆಂಟನೆಯ ಶತಮಾನದಲ್ಲಿ ಅಮೆರಿಕಕ್ಕೆ ವಲಸೆ ಬಂದರು. ಇವರದು ಒಕ್ಕಲುತನದ ಬಾಳು, ಕುದುರೆಗಾಡಿಯ ಸಂಚಾರ. ಸ್ವಂತ ಕಾರನ್ನಿಟ್ಟುಕೊಳ್ಳರು, ಸೈನ್ಯಕ್ಕೆ ಸೇರರು. ದೀಕ್ಷಾಸ್ನಾನವನ್ನು ಎಳೆಗೂಸಿಗೆ ಕೊಡದೆ, ಬುದ್ಧಿ ಬಲಿತ ಮೇಲೆ ತಾನಾಗಿ ಬೇಡಿದವನಿಗೆ ಕೊಡುತ್ತಾರೆ.

2006ನೆಯ ಅಕ್ಟೋಬರ್ 2ರ ಸೋಮವಾರ ಈ ಜನರ ವೆಸ್ಟ್ ನಿಕಲ್ ಮೈನ್ಸ್ ಎಂಬ ಒಂದೇ ಕೊಠಡಿಯ ಶಾಲೆಗೆ ಒಬ್ಬಾತ ಬಂದೂಕು ಹಿಡಿದು ನುಗ್ಗಿದ. ಅವನು ಪರಸ್ಥಳದವನಲ್ಲ, ಆ ಸೀಮೆಯ ಹೊಲಮನೆಗಳಿಂದ ಹಾಲು ಒಯ್ಯುವ ಲಾರಿಯ ಚಾಲಕ. ಗಂಡುಮಕ್ಕಳನ್ನು ಹೊರಗೆ ಕಳಿಸಿ, ಹತ್ತು ಮಂದಿ ಹೆಣ್ಣುಮಕ್ಕಳನ್ನು ಕಟ್ಟಿ ಗುಂಡು ಹಾರಿಸಿದ. ಐವರು ಅಸುನೀಗಿದರು. ಅವನೂ ಆತ್ಮಹತ್ಯೆ ಮಾಡಿಕೊಂಡ. ಹಲವು ವರ್ಷಗಳ ಹಿಂದೆ ಹುಟ್ಟಿದೊಡನೆ ತೀರಿಕೊಂಡ ತನ್ನ ಹೆಣ್ಣುಕೂಸಿಗಾಗಿ ಅವನು ದೇವರ ಮೇಲೆಯೇ ಹಗೆ ಸಾಧಿಸುತ್ತಿದ್ದನಂತೆ. ಹದಿಮೂರು ವರ್ಷದ ಹಿರಿಯ ಬಾಲಕಿಯೊಬ್ಬಳು, ಚಿಕ್ಕವರಾದರೂ ಉಳಿಯಲೆಂದು, ಮೊದಲು ತನ್ನನ್ನೇ ಕೊಲ್ಲೆಂದು ಕೇಳಿಕೊಂಡಳೆಂದು ಬದುಕುಳಿದ ಮಕ್ಕಳು ಹೇಳಿದರು. ಇದನ್ನು ಬರೆಯುವಾಗಲೂ ಲೇಖನಿ ತಡವರಿಸುತ್ತದೆ.

ಅಂದಿನ ಸಂಜೆಯೇ ಆಮಿಶ್ ಹಿರಿಯರು ಕೊಲೆಗಾರನ ಹೆಂಡತಿ ಮಕ್ಕಳನ್ನು, ಅವನ ತಂದೆತಾಯಿಗಳನ್ನು ಹುಡುಕಿಕೊಂಡು ಹೋದರು. ‘ನಿಮ್ಮ ಮೇಲೆ ನಮಗೆ ಮುನಿಸಿಲ್ಲ’ ಎಂದು ಸಂತೈಸಿದರು. ಅವನ ಶವಸಂಸ್ಕಾರಕ್ಕೆ ನೆರೆದ ಸುಮಾರು 75 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆಮಿಶರೇ ಆಗಿದ್ದರು. ತಮ್ಮ ಮಕ್ಕಳನ್ನು ಮಣ್ಣಿಗಿಟ್ಟ ತಾಯಿತಂದೆಗಳೂ ಅವರಲ್ಲಿದ್ದರು. ಲೋಕದ ನಾನಾ ಕಡೆಗಳಿಂದ ಹರಿದುಬಂದ ದ್ರವ್ಯದಲ್ಲಿ ಒಂದು ಪಾಲನ್ನು ಆ ವಿಧವೆಯ ಸಂಸಾರಕ್ಕೂ ಸಲ್ಲಿಸಿದರು. ಹಳೆಯ ಶಾಲೆಯನ್ನು ಹತ್ತೇ ದಿನಗಳಲ್ಲಿ ಕೆಡವಿ ಆ ನೆಲವನ್ನು ಹುಲ್ಲುಗಾವಲಾಗಿಸಿದರು.

ಇದು ಒಂದು ದಿನದ ಭಾವಾವೇಶವಲ್ಲ. ಇತರರ ತಪ್ಪನ್ನು ಮನ್ನಿಸದವನಿಗೆ ತಂದೆಯಾದ ದೇವನ ಮನ್ನಣೆಯೂ ದೊರೆಯದೆಂಬ ಏಸುವಿನ ಬೋಧೆಯನ್ನು ಈ ಜನ ಅಕ್ಷರಶಃ ನಂಬಿದವರು. ಇವರ ಮನೆಗಳಲ್ಲಿ ಹುತಾತ್ಮರ ಚರಿತ್ರೆಯ ಒಂದು ಬೃಹದ್ಗ್ರಂಥವಿರುತ್ತದೆ. ಅದರಲ್ಲಿ ಡಿರ್ಕ್ ವಿಲೆಮ್ಸ್ ಎಂಬಾತನ ಕಥೆಯಿದೆ. ಮತದ್ರೋಹದ ಆರೋಪ ಹೊತ್ತು ಹಿಮಗಟ್ಟಿದ ನೀರಿನ ಮೇಲೆ ಓಡಿಹೋಗುತ್ತಿದ್ದ ಅವನು, ಬೆನ್ನಟ್ಟಿದ ಭಟನು ಹಿಮ ಒಡೆದು ಮುಳುಗುವುದನ್ನು ಕಂಡು ಹಿಂತಿರುಗಿ ಎತ್ತಿದನು. ಸೆರೆಸಿಕ್ಕಿ 1569ರಲ್ಲಿ ಬೆಂಕಿಗೆ ಆಹುತಿಯಾದನು. ಇಂಥ ಕಥೆ ಕೇಳುತ್ತ ಬೆಳೆದ ಮಕ್ಕಳು ಮುಂದೆ ಇಂಥ ತಾಯಿತಂದೆಗಳಾದರು.

ಆದರೂ ಒಂದು ಮಾತನ್ನು ಮುಚ್ಚಿಡಲಾಗದು. ದೀಕ್ಷೆ ಪಡೆದು ಪಂಗಡವನ್ನು ತೊರೆದವರನ್ನು ಇದೇ ಆಮಿಶರು ಬಹಿಷ್ಕಾರದಿಂದ ದೂರವಿಡುತ್ತಾರೆ. ಒಂದೇ ಪಂಕ್ತಿಯಲ್ಲಿ ಉಣ್ಣಗೊಡರು. ಹೊರಗಿನ ಕೊಲೆಗಾರನಿಗೆ ದೊರೆತ ಔದಾರ್ಯ ಒಳಗಿನ ಮಗನಿಗೆ ಏಕಿಲ್ಲ? ಅದು ದಂಡನೆಯಲ್ಲ, ಮರಳಿ ಕರೆಯುವ ರೀತಿ ಎಂದು ಅವರು ಸಮರ್ಥಿಸುತ್ತಾರೆ. ನಮಗೆ ಆ ಸಮಾಧಾನ ಸಾಲದು.

ಕ್ಷಮೆಯನ್ನು ಹೊರಗಿನವರು ನಿರೀಕ್ಷಿಸತೊಡಗಿದರೆ ಬೇರೊಂದು ತೊಡಕುಂಟು. 2015ನೆಯ ಜೂನ್ 17ರ ರಾತ್ರಿ ಚಾರ್ಲ್ಸ್‌ಟನ್ ನಗರದ ಎಮ್ಯಾನುಯೆಲ್ ಚರ್ಚಿನಲ್ಲಿ ಬೈಬಲ್ ಪಾಠಕ್ಕೆ ಕುಳಿತಿದ್ದ ಒಂಬತ್ತು ಮಂದಿ ಕಪ್ಪು ಜನರನ್ನು, ಅವರು ಆದರದಿಂದ ಬಳಿ ಕೂರಿಸಿಕೊಂಡಿದ್ದ ಬಿಳಿಯ ತರುಣನೇ ಕೊಂದನು. ಎರಡೇ ದಿನಗಳಲ್ಲಿ ನ್ಯಾಯಾಲಯದಲ್ಲಿ ಮೃತರ ಬಂಧುಗಳಲ್ಲಿ ಕೆಲವರು ‘ಕ್ಷಮಿಸಿದ್ದೇವೆ’ ಎಂದರು. ದೇಶವೆಲ್ಲ ಕೊಂಡಾಡಿತು. ಆದರೆ ಎಲ್ಲ ಬಂಧುಗಳೂ ಕ್ಷಮಿಸಿರಲಿಲ್ಲ. ಕಪ್ಪು ಜನರಿಂದಲೇ ಇಷ್ಟು ಬೇಗ ಕ್ಷಮೆಯನ್ನು ಬಯಸುವುದೇಕೆಂದು ಅವರ ಲೇಖಕರು ಕೇಳಿದರು. ನೊಂದವನು ತಾನಾಗಿ ಕೊಟ್ಟರಲ್ಲವೆ ಅದು ಕ್ಷಮೆ? ಕಾನೂನೇನೋ ತನ್ನ ದಾರಿ ಹಿಡಿಯಿತು. 2017ರಲ್ಲಿ ಅವನಿಗೆ ಮರಣದಂಡನೆ ವಿಧಿಸಲಾಯಿತು.

ನಿಕಲ್ ಮೈನ್ಸ್‌ನ ತಾಯಿತಂದೆಗಳೂ ಕ್ಷಮೆ ಒಮ್ಮೆಗೇ ಮುಗಿಯುವ ಕಾರ್ಯವಲ್ಲ, ದಿನದಿನವೂ ಹೊಸದಾಗಿ ಮಾಡಬೇಕಾದುದೆಂದೇ ಹೇಳಿದರು. ಗುಂಡೇಟಿನಿಂದ ಉಳಿದರೂ ನಡೆ ನುಡಿಗಳನ್ನು ಕಳೆದುಕೊಂಡ ಆರು ವರ್ಷದ ಬಾಲಕಿಯೊಬ್ಬಳು ಅಲ್ಲಿದ್ದಳು. ಕೊಲೆಗಾರನ ಹೆತ್ತ ತಾಯಿ ವಾರಕ್ಕೊಮ್ಮೆ ಆ ಮನೆಗೆ ಹೋಗಿ ಮಗುವಿಗೆ ಮೀಯಿಸಿ, ಕಥೆ ಓದಿ, ಹಾಡು ಹೇಳಿ ಬರುತ್ತಿದ್ದಳು. ಬಾಲಕಿಯ ತಾಯಿ ಬಾಗಿಲು ತೆರೆದು ಅವಳನ್ನು ಒಳಗೆ ಕರೆಯುತ್ತಿದ್ದಳು. ವರ್ಷಗಟ್ಟಲೆ ಹೀಗೆಯೇ ನಡೆಯಿತು. ಆ ತಾಯಿ 2017ರಲ್ಲಿ ತೀರಿಕೊಂಡಳು; ಬಾಲಕಿ 2024ರಲ್ಲಿ.