‘ಮೀಡಿಯಂ ಅಂದ್ರೆ ಏನು ಸಾರ್?’

ಹೊಸಹಳ್ಳಿಯ ಪಾಲಕರೊಬ್ಬರು ಮಗನನ್ನು ಕರೆದುಕೊಂಡು ಶಾಲೆಗೆ ಬಂದಿದ್ದರು. ‘ಮುಂದಿನ ವರ್ಷ ಇವನನ್ನ ಇಂಗ್ಲಿಷ್ ಮೀಡಿಯಂಗೆ ಹಾಕಬೇಕು ಅಂತ ಮಾಡೀನಿ ಮೇಷ್ಟ್ರೇ’ ಎಂದರು. ಹುಡುಗ ಮೆಲ್ಲಗೆ ಕೇಳಿದ: ‘ಮೀಡಿಯಂ ಅಂದ್ರೆ ಏನು ಸಾರ್?’ ಅಪ್ಪ ನನ್ನ ಮುಖ ನೋಡಿದರು.

ಒಳ್ಳೆಯ ಪ್ರಶ್ನೆ. ಉತ್ತರವನ್ನು ‘ಮಿಡ್’ ಎಂಬ ಪುಟ್ಟ ಪದದಿಂದ ಆರಂಭಿಸೋಣ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲೂ ಇದ್ದ ಈ ಪದಕ್ಕೆ ‘ನಡುವಿನ’ ಎಂದರ್ಥ. ಮಿಡ್‌ನೈಟ್ ಎಂದರೆ ಮಧ್ಯರಾತ್ರಿ. ಮಿಡ್, ಮಧ್ಯ – ಹೋಲಿಕೆ ಕಾಣಿಸಿತೇ?

ಆದರೆ ಹೋಲಿಕೆ ಕಂಡ ಮಾತ್ರಕ್ಕೆ ನಂಟು ಸಿದ್ಧವಾಗದು. ಇಂಗ್ಲಿಷಿನ ‘ಬ್ಯಾಡ್’ಗೂ, ‘ಬದ್ಮಾಷ್’ನಲ್ಲಿರುವ ಪಾರಸಿಯ ‘ಬದ್’ಗೂ ಅರ್ಥ ಒಂದೇ, ‘ಕೆಟ್ಟ’. ಆದರೂ ಅವೆರಡಕ್ಕೂ ಸಂಬಂಧವಿಲ್ಲ, ಬರೀ ಕಾಕತಾಳೀಯ.

ಹಾಗಾದರೆ ಪರೀಕ್ಷೆ ಹೇಗೆ? ವಿಜ್ಞಾನದಲ್ಲಿ ಮಾಡುವಂತೆ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿ ನೋಡಬೇಕು. ಸಂಸ್ಕೃತದಲ್ಲಿ ‘ಧ’ ಇರುವ ಕಡೆ ಇಂಗ್ಲಿಷಿನಲ್ಲಿ ‘ಡ’ ಸಿಗುತ್ತದೆಯೇ? ವಿಧವಾ – ವಿಡೋ. ರುಧಿರ – ರೆಡ್. ಬಂಧ – ಬೈಂಡ್. ಮಧು – ಮೀಡ್, ಅಂದರೆ ಜೇನಿನ ಮದ್ಯ. ಇಷ್ಟು ಸಲ ಒಂದೇ ಫಲಿತಾಂಶ ಬಂದರೆ ಅದು ಆಕಸ್ಮಿಕವಲ್ಲ, ನಿಯಮ.

ಅಂದಮೇಲೆ ‘ಮಿಡ್’ ಸಂಸ್ಕೃತದಿಂದ ಹುಟ್ಟಿತೇ? ಇಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು, ಆ ಮೂಲ ಬಹುಶಃ ಈಗ ಉಳಿದಿಲ್ಲ ಎಂದು ಕಲ್ಕತ್ತೆಯಲ್ಲಿ ನ್ಯಾಯಾಧೀಶರಾಗಿದ್ದ ವಿಲಿಯಂ ಜೋನ್ಸ್ 1786ರಲ್ಲಿ ಹೇಳಿದರು. ಇಂಗ್ಲಿಷೂ ಅದೇ ಮನೆತನದ್ದು. ಹೀಗಾಗಿ ಮಿಡ್, ಮಧ್ಯ ತಾಯಿ–ಮಗಳಲ್ಲ, ಅಕ್ಕ–ತಂಗಿಯರು. ಲ್ಯಾಟಿನ್ನಿನ ‘ಮೆಡಿಯುಸ್’ ಇನ್ನೊಬ್ಬ ತಂಗಿ. ಅದರಿಂದ ಬಂದದ್ದೇ ‘ಮೀಡಿಯಂ’. ‘ಮಧ್ಯ’ದ ಕಡೆಯಿಂದ ಬಂದದ್ದು ‘ಮಾಧ್ಯಮ’. ನಾವು ಜಗಳಕ್ಕೆ ನಿಲ್ಲಿಸಿರುವ ಈ ಎರಡು ಪದಗಳು ಒಂದೇ ಬಳಗದವು!

ನಮ್ಮ ‘ನಡು’ ಮಾತ್ರ ಬೇರೆ ಮನೆತನದ್ದು. ತಮಿಳಿನಲ್ಲೂ ಅದು ನಡು, ತೆಲುಗಿನಲ್ಲಿ ನಡುಮ. ನಮಗೆ ನಡುಮನೆ, ನಡುರಾತ್ರಿ, ನಡುಗಡ್ಡೆ ಎಲ್ಲವನ್ನೂ ಕೊಟ್ಟದ್ದು ಇದೇ ದ್ರಾವಿಡ ಪದ.

ಮೀಡಿಯಂ ಎಂದರೆ ನಡುವೆ ಇರುವಂಥದ್ದು. ಬೆಳಕು ಹಾಯುವ ಗಾಜನ್ನೂ ನಾವು ಮಾಧ್ಯಮ ಎನ್ನುತ್ತೇವೆ. ಗಾಜು ಸ್ವಚ್ಛವಾಗಿದ್ದರೆ ಆಚೆಯದು ಕಾಣುತ್ತದೆ, ಮಸುಕಾಗಿದ್ದರೆ ಗಾಜಷ್ಟೇ ಕಾಣುತ್ತದೆ. ಪಾಠಕ್ಕೂ ಮಗುವಿಗೂ ನಡುವಿನ ಭಾಷೆಯೂ ಹಾಗೆಯೇ.

ಆ ತಂದೆಗೆ ಇಷ್ಟೇ ಹೇಳಿದೆ: ‘ಇಂಗ್ಲಿಷನ್ನು ಚೆನ್ನಾಗಿಯೇ ಕಲಿಯಲಿ. ಆದರೆ ಯಾವ ಮೀಡಿಯಂನಲ್ಲಿ ಕೂತರೆ ನಿಮ್ಮ ಮಗ ಹೆದರದೆ ಎದ್ದುನಿಂತು “ಅಂದ್ರೆ ಏನು ಸಾರ್?” ಎಂದು ಕೇಳುತ್ತಾನೋ, ಅದನ್ನು ನೋಡಿ ತೀರ್ಮಾನ ಮಾಡಿ.’